ಮುಸ್ತಫಾ ಬೋರ್ಡಿಗೆ ಮೀನ್‌ವೆಲ್ ಆರ್‌ಟಿ-65ಎ: ನಾಲ್ಕು ವರ್ಷ ಬಳಸಿದ ಮೇಲೆ

ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡಿದವರಿಗೆ ‘ಮುಸ್ತಫಾ’ ಅಂದರೆ ಸಾಕು, ಯಾವ ಆಟ ಅಂತ ಗೊತ್ತಾಗುತ್ತದೆ. ಅಸಲಿ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್‌ನವರು 1993ರಲ್ಲಿ ತಂದಿದ್ದು. ಆ ಆಟದ ಒರಿಜಿನಲ್ ಸರ್ಕ್ಯೂಟ್ ಬೋರ್ಡ್ ಮೈಸೂರಿನ ನಮ್ಮ ಮನೆಯಲ್ಲಿದೆ, ಬಡಗಿ ಹತ್ತಿರ ಮಾಡಿಸಿದ ಪ್ಲೈವುಡ್ ಕ್ಯಾಬಿನೆಟ್ ಒಳಗೆ. ನಾಲ್ಕು ವರ್ಷದಿಂದ ಅದಕ್ಕೆ ಕರೆಂಟ್ ಕೊಡುತ್ತಿರುವುದು ಮೀನ್‌ವೆಲ್ ಕಂಪನಿಯ ಆರ್‌ಟಿ-65ಎ ಅನ್ನುವ ಪವರ್ ಸಪ್ಲೈ. ಹಳೇ ಬೋರ್ಡ್ ತಂದು ಪವರ್ ಸಪ್ಲೈ ಯಾವುದು ತಗೊಳ್ಳಲಿ ಅಂತ ಒದ್ದಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಆನ್‌ಲೈನ್‌ನಲ್ಲಿ ಸಿಕ್ಕ, ‘ಆರ್ಕೇಡ್‌ಗೆಂದೇ ಮಾಡಿದ್ದು’ (ಆರ್ಕೇಡ್ ಅಂದರೆ ನಾಣ್ಯ ಹಾಕಿ ಆಡುವ ಗೇಮ್ ಯಂತ್ರ) ಅಂತ ಬರೆದಿದ್ದ ಒಂದು ಅಗ್ಗದ ಸಪ್ಲೈ ಹಾಕಿದ್ದೆ. ಲೇಬಲ್ ಮೇಲೆ 5 ವೋಲ್ಟ್, 16 ಆಂಪಿಯರ್ ಅಂತಿತ್ತು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಮೊದಲ ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಆಟದ ಮಧ್ಯೆ, ಪರದೆ ತುಂಬ ಶತ್ರುಗಳು ಬಂದ ಹೊತ್ತಿಗೆ ಸರಿಯಾಗಿ ಬೋರ್ಡ್ ರೀಸೆಟ್ ಆಗತೊಡಗಿತು. ಬೋರ್ಡೇ ಹಾಳಾಗಿದೆ ಅಂದುಕೊಂಡು ಎರಡು ತಿಂಗಳು ರಾಮ್ (ಮೆಮೊರಿ ಚಿಪ್), ರಾಮ್ ಸಾಕೆಟ್, ಕ್ರಿಸ್ಟಲ್ ಅಂತ ಹುಡುಕಾಡಿದೆ. ಕೊನೆಗೆ ಗೆಳೆಯ ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ತಂದು ತೋರಿಸಿದ. 5 ವೋಲ್ಟ್ ಗೆರೆ ನೇರವಾಗಿ ಇರಬೇಕಾದ ಕಡೆ ಗರಗಸದ ಹಲ್ಲಿನ ಹಾಗೆ ಇತ್ತು. ಮಲ್ಟಿಮೀಟರ್‌ನಲ್ಲಿ ಮಾತ್ರ 5.02 ಅಂತ ನೀಟಾಗಿ ತೋರಿಸುತ್ತಿತ್ತು. ಮೀಟರ್ ಸರಾಸರಿ ಹೇಳುತ್ತದೆ ಅಷ್ಟೇ, ಆ ಹಲ್ಲುಗಳನ್ನು ತೋರಿಸುವುದಿಲ್ಲ.

ಆಮೇಲೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ ಮೀನ್‌ವೆಲ್ ತಂದೆ. ಇಲ್ಲಿ ಒಂದು ಮುಖ್ಯ ಮಾತು. ಮಾಡೆಲ್ ನಂಬರಿನ ಕೊನೆಯ ಅಕ್ಷರ ನೋಡದೆ ತಗೊಳ್ಳಬೇಡಿ. ‘ಎ’ ಅಂದರೆ +5, +12, −5 ವೋಲ್ಟ್ ಕೊಡುವುದು. ‘ಬಿ’ ಅಂದರೆ +5, +12, −12. ಪೆಟ್ಟಿಗೆ ನೋಡಲು ಎರಡೂ ಒಂದೇ. ಅಂಗಡಿಯವರು ‘ಎ’ ಇಲ್ಲ, ‘ಬಿ’ ಇದೆ, ಎರಡೂ ಒಂದೇ ಸಾರ್ ಅಂದರು. ಒಂದೇ ಅಲ್ಲ! ಬೋರ್ಡಿಗೆ ವೈರ್ ಸಿಕ್ಕಿಸುವ ಜಾಮಾ ಕನೆಕ್ಟರಿನಲ್ಲಿ −5 ವೋಲ್ಟಿಗೆ ಅಂತ ಇರುವ ಪಿನ್ನಿಗೆ −12 ಹೋದರೆ, ಆ ಗೆರೆ ಬಳಸುವ ಹಳೇ ಬೋರ್ಡಿನ ಕಥೆ ಮುಗಿಯಿತು. ಮುಸ್ತಫಾಗೆ −5 ಬೇಡವೇ ಬೇಡ. ಆದರೂ ನಾಳೆ ಬೇರೆ ಬೋರ್ಡ್ ಸಿಕ್ಕಿಸುವ ಆಸೆ ಎಲ್ಲರಿಗೂ ಇರುತ್ತದೆ ಅಲ್ವಾ? ‘ಎ’ಗಾಗಿ ನಾನು ಮೂರು ವಾರ ಕಾದೆ. ಕಾದಿದ್ದು ಒಳ್ಳೆಯದೇ ಆಯಿತು.

ಜಾಮಾ ಅಂದರೆ ಜಪಾನಿನ ಆರ್ಕೇಡ್ ತಯಾರಕರ ಸಂಘ 1985ರಲ್ಲಿ ತಂದ ವೈರಿಂಗ್ ಪದ್ಧತಿ, 56 ಪಿನ್ನಿನ ಕನೆಕ್ಟರ್. ಅದರಲ್ಲಿ +5ಕ್ಕೆ ನಾಲ್ಕು ಪಿನ್, ಗ್ರೌಂಡಿಗೆ ಎಂಟು. ಇಷ್ಟೊಂದು ಯಾಕೆ ಅಂತ ಮೊದಲು ನನಗೂ ಅರ್ಥ ಆಗಿರಲಿಲ್ಲ. ಬೋರ್ಡಿನ ಕರೆಂಟೆಲ್ಲ ಹೆಚ್ಚುಕಮ್ಮಿ 5 ವೋಲ್ಟಿನಲ್ಲೇ ಹರಿಯುತ್ತದೆ, ಒಂದೇ ಪಿನ್ನಿನ ಮೇಲೆ ಹೇರಿದರೆ ಅದು ಬಿಸಿಯಾಗಿ ಕಪ್ಪಾಗುತ್ತದೆ. ನನಗೆ ಬಂದ ರೆಡಿಮೇಡ್ ವೈರಿಂಗ್‌ನಲ್ಲಿ +5ಕ್ಕೆ ಒಂದೇ ಒಂದು ತೆಳು ವೈರ್ ಇತ್ತು. 22 ಗೇಜಿನ ವೈರ್ ಮೀಟರಿಗೆ ಸುಮಾರು 0.053 ಓಮ್. ಹೋಗುವುದು ಒಂದು ಮೀಟರ್, ಬರುವುದು ಒಂದು ಮೀಟರ್, 4 ಆಂಪಿಯರ್ ಹರಿದರೆ ದಾರಿಯಲ್ಲೇ 0.4 ವೋಲ್ಟ್ ಮಾಯ. ಸಪ್ಲೈ ಹತ್ತಿರ 5.0 ಇದ್ದರೂ ಬೋರ್ಡಿಗೆ ಸಿಗುವುದು 4.6. ಬೋರ್ಡಿನ ಮೇಲಿರುವ 74ಎಲ್‌ಎಸ್ ಸರಣಿಯ ಚಿಪ್ಪುಗಳಿಗೆ 4.75ರಿಂದ 5.25ರ ಒಳಗೆ ಇರಬೇಕು. ಅಂದರೆ ಎಷ್ಟೇ ಒಳ್ಳೆಯ ಸಪ್ಲೈ ತಂದರೂ ವೈರ್ ಸರಿಯಿಲ್ಲದಿದ್ದರೆ ದುಡ್ಡು ದಂಡ. ನಾನು ಅದಕ್ಕಿಂತ ದಪ್ಪದ 18 ಗೇಜ್ ವೈರ್ ಎರಡೆರಡು ಎಳೆದು ನಾಲ್ಕೂ ಪಿನ್ನಿಗೆ ಬೆಸುಗೆ ಹಾಕಿದೆ. ಗ್ರೌಂಡಿಗೂ ಹಾಗೇ.

ವೋಲ್ಟ್ ಅಳೆಯುವುದೂ ಬೋರ್ಡಿನ ಮೇಲೇ, ಆಟ ನಡೆಯುತ್ತಿರುವಾಗಲೇ. 14 ಕಾಲಿನ ಯಾವುದಾದರೂ 74 ಸರಣಿಯ ಚಿಪ್ ಹುಡುಕಿ, ಸಾಮಾನ್ಯವಾಗಿ 14ನೇ ಕಾಲು +5, 7ನೇ ಕಾಲು ಗ್ರೌಂಡ್. ಅಲ್ಲಿ 5.00ರಿಂದ 5.05 ಬರುವ ಹಾಗೆ ಸಪ್ಲೈಯ ಸಣ್ಣ ಸ್ಕ್ರೂ ತಿರುಗಿಸಿ, ನಿಧಾನಕ್ಕೆ, ಕೂದಲೆಳೆಯಷ್ಟು. ಹೊಸ ಸಪ್ಲೈ ತಂದ ದಿನವೇ ಬೋರ್ಡಿಗೆ ಸಿಕ್ಕಿಸಬೇಡಿ. ನಾನು +5ಕ್ಕೆ 5 ಓಮ್, 10 ವ್ಯಾಟ್ ರೆಸಿಸ್ಟರ್, +12ಕ್ಕೆ ಕಾರಿನ ಸಣ್ಣ ಬಲ್ಬ್ ಹಾಕಿ ಒಂದು ಸಂಜೆ ಪೂರ್ತಿ ಓಡಿಸಿ ನೋಡಿದ್ದೆ. ಲೋಡ್ ಇಲ್ಲದೆ ಸುಮ್ನೆ ಆನ್ ಮಾಡಿ ಅಳೆದರೆ ಈ ಜಾತಿಯ ಸಪ್ಲೈಯಲ್ಲಿ ಅಂಕಿ ನಂಬುವ ಹಾಗಿರುವುದಿಲ್ಲ, 5 ವೋಲ್ಟಿನ ಮೇಲೆ ಕನಿಷ್ಠ ಸ್ವಲ್ಪ ಭಾರ ಬೇಕು. ಇನ್ನೊಂದು, ಆ ಸ್ಕ್ರೂ 5ಕ್ಕೆ ಮಾತ್ರ. 12 ಅದರ ಜೊತೆಗೇ ಏರಿಳಿಯುತ್ತದೆ. ನನ್ನಲ್ಲಿ 12.3ರ ಹತ್ತಿರ ನಿಂತಿದೆ, ಸೌಂಡ್ ಆಂಪ್ಲಿಫೈಯರಿಗೆ ಅದೇನೂ ತೊಂದರೆ ಇಲ್ಲ.

ಬಳಕೆಯಲ್ಲಿ ಹೇಗಿದೆ? ವಾರಕ್ಕೆ ಹತ್ತು ಗಂಟೆ ಲೆಕ್ಕ ಇಟ್ಟುಕೊಳ್ಳಿ. ಫ್ಯಾನ್ ಇಲ್ಲ, ಸದ್ದಿಲ್ಲ, ಮೈ ಬೆಚ್ಚಗಾಗುತ್ತದೆ ಅಷ್ಟೇ. ಮನೆಯ ಕರೆಂಟ್ 88ರಿಂದ 264 ವೋಲ್ಟ್‌ವರೆಗೆ ಇದ್ದರೂ ತಡೆದುಕೊಳ್ಳುತ್ತದೆ, ಹಾಗಾಗಿ ಬೇಸಿಗೆಯ ಸಂಜೆ ಟ್ಯೂಬ್‌ಲೈಟ್ ಮಿಣುಕುವಷ್ಟು ಕರೆಂಟ್ ಇಳಿದಾಗಲೂ ಆಟ ನಿಂತಿಲ್ಲ. ಮೂರನೇ ವರ್ಷ ಒಮ್ಮೆ ಮತ್ತೆ ರೀಸೆಟ್ ಶುರುವಾಯಿತು. ನನಗೆ ಎದೆ ಧಸಕ್ ಅಂತು. ಅಳೆದರೆ ಸಪ್ಲೈ ಹತ್ತಿರ ಸರಿಯಾಗೇ ಇದೆ, ಬೋರ್ಡಿನ ಹತ್ತಿರ 0.2 ಕಮ್ಮಿ. ಮಳೆಗಾಲದ ತೇವಕ್ಕೆ ಕನೆಕ್ಟರಿನ ಪಿನ್ನುಗಳು ಮಂಕಾಗಿದ್ದವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದ ಮೇಲೆ ಮತ್ತೆ ಮೊದಲಿನ ಹಾಗೆ.

ಕರೆಂಟ್ ಬರುವ ಸ್ಕ್ರೂಗಳು ಹೊರಗೇ ಇರುತ್ತವೆ, ಮಕ್ಕಳಿರುವ ಮನೆಯಲ್ಲಿ ಮುಚ್ಚಳ ಮಾಡಿಸಲೇಬೇಕು. ಅರ್ಥ್ ವೈರನ್ನೂ ಬಿಡಬೇಡಿ. ಮೊದಲ ದಿನ ನಾನು ಎರಡು ಪಿನ್ನಿನ ಪ್ಲಗ್ ಹಾಕಿದ್ದೆ, ಕಂಟ್ರೋಲ್ ಪ್ಯಾನೆಲ್ಲಿನ ತಗಡು ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಸರಿಯಾದ ಅರ್ಥ್ ಕೊಟ್ಟ ಕೂಡಲೇ ನಿಂತಿತು.

ಮನೆಯಲ್ಲಿ ಬಿದ್ದಿರುವ ಕಂಪ್ಯೂಟರ್ ಸಪ್ಲೈ ಸಾಕಾಗಲ್ವಾ ಅಂತ ತುಂಬ ಜನ ಕೇಳುತ್ತಾರೆ. ಆಟ ನಡೆಯುತ್ತದೆ, ನಾನೂ ಒಂದು ತಿಂಗಳು ಓಡಿಸಿದ್ದೇನೆ. ಆದರೆ 5 ವೋಲ್ಟ್ ತಿರುಗಿಸಿ ಸರಿಮಾಡಲು ಅದರಲ್ಲಿ ಸ್ಕ್ರೂ ಇರುವುದಿಲ್ಲ. ಜೊತೆಗೆ ಕಂಪ್ಯೂಟರ್ ಸಪ್ಲೈಗಳ ಎಟಿಎಕ್ಸ್ ಪದ್ಧತಿಯಿಂದ −5 ತೆಗೆದು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು.

ಮುಸ್ತಫಾ, ಸ್ಟ್ರೀಟ್ ಫೈಟರ್ 2, ನಿಯೋ ಜಿಯೋ ಎಂವಿಎಸ್ ಈ ಕಾಲದ ಜಾಮಾ ಬೋರ್ಡ್ ಒಂದೇ ಒಂದು ಇಟ್ಟುಕೊಂಡವರು ಕಣ್ಣು ಮುಚ್ಚಿ ಆರ್‌ಟಿ-65ಎ ತಗೊಳ್ಳಬಹುದು. 1998ರ ಸೆಗಾ ನೇಯೊಮಿ ಬೋರ್ಡ್ ಇದ್ದವರಿಗೆ ಇದು ಆಗುವುದಿಲ್ಲ, ಅದಕ್ಕೆ 3.3 ವೋಲ್ಟ್ ಬೇರೆ ಬೇಕು. ಪ್ಯಾಕ್‌ಮ್ಯಾನ್‌ನ ಮೂಲ ಬೋರ್ಡಿಗೆ ಟ್ರಾನ್ಸ್‌ಫಾರ್ಮರಿಂದ ಎಸಿ ಬರಬೇಕು, ಬೋರ್ಡೇ ಅದನ್ನು ಡಿಸಿ ಮಾಡಿಕೊಳ್ಳುತ್ತದೆ, ಅದಕ್ಕೆ ಇದನ್ನು ನೇರ ಕೊಡಲು ಹೋಗಬೇಡಿ. 1981ರ ಡಿಫೆಂಡರ್ ಆಟದ ತರಹದ ಬೋರ್ಡುಗಳಲ್ಲಿ 4116 ಅನ್ನುವ ರಾಮ್ ಇರುತ್ತದೆ. ಅದಕ್ಕೆ +12, +5, −5 ಮೂರೂ ಬೇಕು, −5 ಇಲ್ಲದೆ +12 ಹೋದರೆ ರಾಮ್ ಸುಟ್ಟೇ ಹೋಗುತ್ತದೆ. ಅಂಥ ಬೋರ್ಡ್ ಇದ್ದರೆ ಪ್ರತಿ ಸಲ ಸಿಕ್ಕಿಸುವ ಮೊದಲು −5 ನಿಜವಾಗಿ ಬರುತ್ತಿದೆಯಾ ಅಂತ ಮೀಟರ್ ಹಿಡಿದು ನೋಡಿ.