ವಿಜ್ಞಾನದ ತರಗತಿಯಲ್ಲಿ ಜೀವವಿಕಾಸವೋ, ಸೃಷ್ಟಿವಾದವೋ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಜೀವವಿಕಾಸದ ಜೊತೆಗೆ, ಜೀವಿಗಳನ್ನೆಲ್ಲ ದೇವರೇ ಈಗಿರುವಂತೆ ಸೃಷ್ಟಿಸಿದನೆನ್ನುವ ಸೃಷ್ಟಿವಾದವನ್ನೂ ವಿಜ್ಞಾನವೆಂದು ಕಲಿಸಬೇಕೇ ಎಂದು ಯೋಚಿಸುವ ಅಧ್ಯಾಪಕರು ಎರಡನ್ನೂ ಒಂದೇ ಒರೆಗಲ್ಲಿಗೆ ಹಚ್ಚಬೇಕು. ತಿಮಿಂಗಿಲದ ಈಜುರೆಕ್ಕೆ, ನಾಯಿಯ ಮುಂಗಾಲು, ನಮ್ಮ ತೋಳು, ಈ ಮೂರರಲ್ಲೂ ಮೇಲೆ ಒಂದು ಎಲುಬು, ಅದರ ಕೆಳಗೆ ಎರಡು, ಆಮೇಲೆ ಬೆರಳೆಲುಬುಗಳು ಇವೆ; ಈ ಹೋಲಿಕೆಗೆ ಜೀವವಿಕಾಸವು ಸಮಾನ ಪೂರ್ವಜರನ್ನು ಕಾರಣವಾಗಿ ತೋರಿಸುವುದಲ್ಲದೆ, ಯಾವ ಕಾಲದ ಶಿಲಾಪದರದಲ್ಲಿ ಎಂಥ ಪಳೆಯುಳಿಕೆ ಸಿಗಬೇಕೆಂದು ಮೊದಲೇ ಹೇಳುತ್ತದೆ. 2004ರಲ್ಲಿ ಕೆನಡಾದಲ್ಲಿ ದೊರೆತ, ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಟಿಕ್ಟಾಲಿಕ್ ಎಂಬ ಜೀವಿಯ ಪಳೆಯುಳಿಕೆಯನ್ನು ಹೀಗೆ ಮೊದಲೇ ಲೆಕ್ಕಹಾಕಿ ಹುಡುಕಿದ್ದು. ಸೃಷ್ಟಿವಾದವು ಇಂಥ ಪರೀಕ್ಷೆಗೆ ಒಳಪಡುವುದಿಲ್ಲ. ಎರಡನ್ನೂ ಸಮವಾಗಿ ಕಲಿಸಬೇಕೆಂದ ಲೂಸಿಯಾನಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲೇ ರದ್ದುಪಡಿಸಿದೆ. ನಮ್ಮ ಪಾಡ್ದನ (ತುಳು ಜನಪದ ಕಥನಗೀತೆ), ಪುರಾಣಗಳ ಹುಟ್ಟಿನ ಕತೆಗಳನ್ನು ಭಾಷಾಪಾಠದಲ್ಲಿ ಮನಸಾರೆ ಓದಿಸೋಣ. ವಿಜ್ಞಾನದ ಪೀರಿಯಡ್ಡು ಜೀವವಿಕಾಸಕ್ಕೇ ಇರಲಿ.