‘ಪ್ರೆಶರ್ ಕಾಂಪನ್ಸೇಟೆಡ್’ ಎಂದು ನಂಬಿಸಿ ಮಾರಿದ ಥ್ರಸ್ಟರ್ ಮೋಟಾರ್: ಕೊಳ್ಳುವ ಮುಂಚೆ ಇದನ್ನು ಓದಿ

ಸ್ವಂತವಾಗಿ ಸಬ್‌ಮರೀನ್ ಕಟ್ಟುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರಿಗೆ ಹೀಗಾಗಬಾರದು.

‘ಎಣ್ಣೆ ತುಂಬಿದ, ಪ್ರೆಶರ್ ಕಾಂಪನ್ಸೇಟೆಡ್ ಮೋಟಾರ್, 60 ಮೀಟರ್‌ಗೆ ಟೆಸ್ಟ್ ಆಗಿದೆ’ ಅಂತ ಹೇಳಿ ಒಬ್ಬರು ಒಂದು ಜೊತೆ ಥ್ರಸ್ಟರ್ (ಸಬ್‌ಮರೀನನ್ನು ನೀರಲ್ಲಿ ತಳ್ಳುವ ಮೋಟಾರ್) ಮಾರಿದರು. ಪ್ರೆಶರ್ ಕಾಂಪನ್ಸೇಟೆಡ್ ಅಂದರೆ ಒಳಗಿನ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮನಾಗಿರುವಂತೆ ಮಾಡಿದ್ದು. ಸಬ್‌ಗೆ ಕೂರಿಸುವ ಮುಂಚೆ ಹಗ್ಗ ಕಟ್ಟಿ 30 ಮೀಟರ್ ಇಳಿಸಿ ಓಡಿಸಿದೆ. ಸ್ವಲ್ಪ ಹೊತ್ತಿಗೇ ಒಂದು ನಿಂತುಹೋಯಿತು. ಮೇಲೆತ್ತಿ ಬಿಚ್ಚಿದೆ. ಎಣ್ಣೆಗೆ ನೀರು ಸೇರಿ ಬೆಳ್ಳಗೆ ಕದಡಿತ್ತು, ಬ್ರಷ್ಷಿನ ಕರಿ ಪುಡಿ ಅದರಲ್ಲಿ ತೇಲುತ್ತಿತ್ತು. ಹೊರಗಿನ ಒತ್ತಡವನ್ನು ಎಣ್ಣೆಗೆ ದಾಟಿಸುವ ಮೆತ್ತನೆಯ ಚೀಲ, ಅಂದರೆ ಬ್ಲಾಡರ್ ಹುಡುಕಿದೆ. ಇಲ್ಲ. ಅದೇ ಕೆಲಸ ಮಾಡುವ ಬಾಗುವ ಪೊರೆ, ಡಯಾಫ್ರಮ್ ಆದರೂ ಇದೆಯಾ? ಅದೂ ಇಲ್ಲ! ತಿರುಗುವ ಶಾಫ್ಟಿಗೆ ಒಂದೇ ಒಂದು ಲಿಪ್ ಸೀಲ್ (ತುಟಿಯಂಥ ಅಂಚು ಶಾಫ್ಟನ್ನು ಒತ್ತಿ ಹಿಡಿಯುವ ರಬ್ಬರ್ ಬಳೆ), ಅದರ ಸ್ಪ್ರಿಂಗ್ ಇರುವ ಮುಖ ಒಳಗಡೆಗೆ. ಎಣ್ಣೆ ಹೊರಗೆ ಬರದಂತೆ ತಡೆಯುವುದಕ್ಕೆ ಅದು ಸರಿ. ಹೊರಗಿಂದ 3 ಬಾರ್ (30 ಮೀಟರ್ ನೀರಿನ ಒತ್ತಡ) ಒತ್ತಿದರೆ ತುಟಿ ಎದ್ದು ನೀರಿಗೆ ದಾರಿ ಬಿಡುತ್ತದೆ.

ಮಾರಿದವರನ್ನು ಕೇಳಿದ್ದಕ್ಕೆ ಬಂದ ಉತ್ತರ: ‘ಎಣ್ಣೆ ಕುಗ್ಗುವುದಿಲ್ಲ ಸರ್, ಬ್ಲಾಡರ್ ಯಾಕೆ?’ ವೈಂಡಿಂಗ್ (ಸುತ್ತಿದ ತಂತಿ) ಸಂದಿಗಳಲ್ಲಿ ಗಾಳಿ ಉಳಿದೇ ಉಳಿಯುತ್ತದೆ ಅಲ್ವಾ? 30 ಮೀಟರ್‌ನಲ್ಲಿ ನೀರಿನ 3 ಬಾರ್ ಜೊತೆ ಮೇಲಿನ ಗಾಳಿಯ 1 ಬಾರ್ ಸೇರಿ ಒಟ್ಟು 4 ಬಾರ್, ಆ ಗುಳ್ಳೆ ಕಾಲು ಭಾಗಕ್ಕೆ ಇಳಿಯುತ್ತದೆ. ಖಾಲಿಯಾದ ಜಾಗಕ್ಕೆ ಸೀಲ್ ದಾಟಿ ನೀರೇ ನುಗ್ಗಬೇಕು. ಮೋಟಾರ್ ಬಿಸಿಯಾದಾಗ ಹಿಗ್ಗುವ ಎಣ್ಣೆ ಎಲ್ಲಿಗೆ ಹೋಗಬೇಕು? ಸೀಲನ್ನೇ ತಳ್ಳಿಕೊಂಡು ಹೊರಗೆ. ತಣ್ಣಗಾದಾಗ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ಲಾಡರ್ ಇರುವುದೇ ಇದಕ್ಕೆ. ಸುಮ್ನೆ ಎಣ್ಣೆ ತುಂಬಿದ ಮಾತ್ರಕ್ಕೆ ಕಾಂಪನ್ಸೇಟೆಡ್ ಆಗುವುದಿಲ್ಲ. ಆಗುವುದೇ ಇಲ್ಲ.

ಆಮೇಲೆ ‘ನೀವು ಜಾಸ್ತಿ ಬೇಗ ಇಳಿಸಿರಬೇಕು’ ಅಂದರು. ಆಮೇಲೆ ‘ಬಿಚ್ಚಿದ್ದೀರಿ, ವಾರಂಟಿ ಹೋಯಿತು’. ಬಿಚ್ಚದೆ ನನಗೆ ಗೊತ್ತಾಗುವುದಾದರೂ ಹೇಗೆ?

ಹಾಗಾದರೆ 60 ಮೀಟರ್ ಟೆಸ್ಟ್ ಯಾವುದು ಅಂತ ಪಟ್ಟು ಹಿಡಿದು ಕೇಳಿದೆ. ‘ಅದು ಹೌಸಿಂಗ್ (ಹೊರಕವಚ) ಟೆಸ್ಟ್. ಶಾಫ್ಟ್ ತೂತಿಗೆ ಪ್ಲಗ್ ಹಾಕಿದ್ದೆವು.’ ಓದಿ ಮೈಯೆಲ್ಲ ಉರಿಯಿತು. ನೀರು ಬರುವುದೇ ಆ ತೂತಿಂದ! ಅದನ್ನು ಮುಚ್ಚಿ ಟೆಸ್ಟ್ ಮಾಡಿ, ಆ ಅಂಕಿ ತೋರಿಸಿ ನನ್ನ ದುಡ್ಡು ತೆಗೆದುಕೊಂಡರು. ಇದನ್ನು ನಂಬಿ ಸಬ್‌ಗೆ ಕೂರಿಸಿ ನಾನೇ ಒಳಗೆ ಕೂತಿದ್ದರೆ? ಆಳದಲ್ಲಿ ಮೋಟಾರ್ ಕೈಕೊಟ್ಟರೆ ಏನು ಗತಿ?

ಕೊಳ್ಳುವವರು ಮುಚ್ಚಳ ತೆಗೆದು ಬ್ಲಾಡರ್ ತೋರಿಸಿ ಅನ್ನಿ. ಶಾಫ್ಟ್ ತಿರುಗುತ್ತಿರುವಾಗಲೇ ಒತ್ತಡದ ಟೆಸ್ಟ್ ಆಗಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಸೀಲ್ ಯಾವ ಕಡೆ ಮುಖ ಮಾಡಿದೆ ನೋಡಿ. ಎಣ್ಣೆಯ ಬದಲು ಗಾಳಿ ತುಂಬುವ ಬಗೆಯದಾದರೆ ರಿಲೀಫ್ ವಾಲ್ವ್ (ಹೆಚ್ಚಾದ ಒತ್ತಡವನ್ನು ಹೊರಬಿಡುವ ಕವಾಟ) ಇರಲೇಬೇಕು, ಇಲ್ಲದಿದ್ದರೆ ಮೇಲೆ ಬರುವಾಗ ಒಳಗಿನ ಗಾಳಿ ಸೀಲನ್ನೇ ಕಿತ್ತುಹಾಕುತ್ತದೆ. ಉತ್ತರ ಕೊಡಲು ತಡವರಿಸಿದರೆ ಅವರ ಹತ್ತಿರ ಕೊಳ್ಳಲೇಬೇಡಿ.

ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಈಗ ಮೆಸೇಜಿಗೆ ಉತ್ತರವನ್ನೂ ಕೊಡುತ್ತಿಲ್ಲ.