ಅಡಿಕೆ ತೋಟಕ್ಕೆ ಒಗ್ಗುವ ಜೇಬುಚಾಕು: ನಾಲ್ಕು ಉಕ್ಕುಗಳನ್ನು ಬಳಸಿದ ಮೇಲೆ

ಮಡಿಚುವ ಚಾಕು ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅಲಗಿನ ಹರಿತ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು. ಮಲೆನಾಡಿನ ತೋಟಿಗರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ: ಹೋದ ಹರಿತ ಮನೆಯಲ್ಲಿರುವ ಕಲ್ಲಿನ ಮೇಲೆ ಎಷ್ಟು ಬೇಗ ಮರಳುತ್ತದೆ, ಮತ್ತು ಮಳೆಗಾಲದಲ್ಲಿ ಅಲಗು ತುಕ್ಕು ಹಿಡಿಯದೆ ಉಳಿಯುತ್ತದೆಯೇ? ನಾಲ್ಕು ಬಗೆಯ ಉಕ್ಕಿನ ಚಾಕುಗಳನ್ನು ಹಲವು ಮಳೆಗಾಲ ಜೇಬಿನಲ್ಲಿಟ್ಟುಕೊಂಡು ತಿರುಗಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಉದ್ದ, ತೂಕ, ಲಾಕಿನ ವಿಧಗಳೆಲ್ಲ ಮಾರಾಟದ ಪುಟದಲ್ಲೇ ಸಿಗುವುದರಿಂದ ಅವನ್ನು ಬಿಟ್ಟಿದ್ದೇನೆ.

ನಮ್ಮದು ಸಾಗರದ ಕಡೆಯ ಅಡಿಕೆ ತೋಟ. ಸುತಲಿ ಕತ್ತರಿಸುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು ಮುಂತಾದವುಗಳಿಗೆ ಯಾವ ಚಾಕುವಾದರೂ ಆದೀತು. ಚಾಕುವಿನ ಗುಣ ಗೊತ್ತಾಗುವುದು ಕಸಿ ಕಟ್ಟುವಾಗ. ಸೊರಗು ರೋಗವನ್ನು ತಡೆದುಕೊಳ್ಳುವ ಬ್ರೆಜಿಲ್ ಮೂಲದ ಹಿಪ್ಪಲಿಗೆ, ಅಂದರೆ ಪೈಪರ್ ಕೊಲುಬ್ರಿನಮ್ ಗಿಡಕ್ಕೆ, ಕಾಳುಮೆಣಸನ್ನು ಕಸಿ ಮಾಡುವಾಗ ಮೆಣಸಿನ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಓರೆಯಾಗಿ ಕೆತ್ತಿ, ಹಿಪ್ಪಲಿಯ ಕಾಂಡದ ನಡುವಿನ ಸೀಳಿನಲ್ಲಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಬೇಕು. ಒಂದೇ ಎಳೆತಕ್ಕೆ ಕೆತ್ತಿದ ಮುಖ ನುಣ್ಣಗೆ, ಸಪಾಟಾಗಿ ಬರಬೇಕು. ಅಲಗು ಸ್ವಲ್ಪ ಮೊಂಡಾಗಿದ್ದರೂ ಎಳೆಯ ಕಾಂಡ ಜಜ್ಜಿಹೋಗುತ್ತದೆ, ಜಜ್ಜಿದ ಜಾಗದಿಂದಲೇ ಕೊಳೆ ಶುರುವಾಗುತ್ತದೆ.

ಮೊದಲು ಕೊಂಡದ್ದು ಒಪಿನೆಲ್‌ನ 8ನೇ ನಂಬರಿನ ಕಾರ್ಬನ್ ಉಕ್ಕಿನ ಚಾಕು. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಿಂದ ತಯಾರಾಗುತ್ತಿರುವ ಈ ಚಾಕುವಿನ ಅಲಗು ತೆಳ್ಳಗಿದೆ. ಉಕ್ಕಿನಲ್ಲಿ ಇಂಗಾಲ ಶೇ. 0.9ರಷ್ಟಿದ್ದು, ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲ. ಇದನ್ನು ಮಸೆಯುವುದೇ ಒಂದು ಸುಖವೆಂದು ನಾನು ನಿರೀಕ್ಷಿಸಿರಲಿಲ್ಲ. ಸಂಜೆ ಜಗಲಿಯ ಅಂಚಿನಲ್ಲಿ ಕುಳಿತು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರ್ಬೊರಂಡಂ ಕಲ್ಲನ್ನು ನೀರಿನಿಂದ ತೋಯಿಸಿ, ಅದರ ನುಣುಪು ಬದಿಯ ಮೇಲೆ ಅಲಗನ್ನು ಬುಡದಿಂದ ಮೊನೆಯವರೆಗೆ ನಿಧಾನವಾಗಿ ಎಳೆಯುತ್ತೇನೆ. ಅಂಚಿನ ಆಚೆ ಬದಿಗೆ ಮಗುಚಿದ ಕೂದಲಿನಷ್ಟು ಸಣ್ಣ ಮುಳ್ಳು ಹೆಬ್ಬೆರಳಿಗೆ ತಗಲಿದ ಮೇಲೆ ಬದಿ ಬದಲಿಸುತ್ತೇನೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಉಜ್ಜಿ, ವೀಳ್ಯದೆಲೆಯೊಂದನ್ನು ತೊಟ್ಟಿನಲ್ಲಿ ಹಿಡಿದು ತುದಿ ಕೊಯ್ದರೆ ಎಲೆ ಅಲುಗದೆ ತುಂಡಾಗುತ್ತದೆ. ಆಮೇಲೆ ಒಂದು ಹನಿ ತೆಂಗಿನೆಣ್ಣೆ ಸವರಿ ಮಡಿಚಿಡುತ್ತೇನೆ.

ಹಸಿ ಅಡಿಕೆಯ ಚೊಗರು ತಗಲಿದರೆ ಈ ಅಲಗು ನೀಲಿಗಪ್ಪಾಗುತ್ತದೆ. ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಬರುವ ಬಣ್ಣವದು, ಅದರಿಂದ ಕೆಡುಕೇನೂ ಇಲ್ಲ. ಕೆಂಪು ತುಕ್ಕು ಮಾತ್ರ ಬೇರೆ. ಆಷಾಢದ ಮಳೆಯಲ್ಲಿ ಒರೆಸದೆ ಒಂದು ರಾತ್ರಿ ಬಿಟ್ಟರೂ ಅದು ಅಂಚನ್ನೇ ತಿನ್ನತೊಡಗುತ್ತದೆ. ಜೊತೆಗೆ ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುವುದರಿಂದ, ಒದ್ದೆ ಕೈಯಲ್ಲಿ ಅದನ್ನು ಬಿಡಿಸುವುದು ಕಷ್ಟ. ಮಾವಿನಕಾಯಿ ಹೆಚ್ಚಿದರೆ ಹೋಳಿನ ಅಂಚು ಕಪ್ಪಾಗುತ್ತದೆ ಎಂಬುದು ಅಡುಗೆಮನೆಯವರ ದೂರು, ಅದೂ ನ್ಯಾಯವಾದದ್ದೇ.

ಹೀಗಾಗಿ ಮಳೆಗಾಲಕ್ಕೆಂದು ಕೊಂಡದ್ದು ಡಿ2 ಉಕ್ಕಿನ ಚಾಕು. ಈ ಚಾಕುವಿನ ಬಗ್ಗೆ ನನಗೆ ಅಸಮಾಧಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ಮಾರಿದವರು ಅದನ್ನು ತುಕ್ಕು ಹಿಡಿಯದ ಉಕ್ಕು ಎಂದೇ ವರ್ಣಿಸಿದ್ದರು. ಡಿ2ನಲ್ಲಿ ಕ್ರೋಮಿಯಂ ಸುಮಾರು ಶೇ. 12ರಷ್ಟಿರುವುದು ನಿಜ. ಆದರೆ ಇಂಗಾಲವೂ ಶೇ. 1.5ರಷ್ಟಿರುವುದರಿಂದ ಕ್ರೋಮಿಯಂನ ದೊಡ್ಡ ಪಾಲು ಅದರೊಂದಿಗೆ ಕೂಡಿ ಗಟ್ಟಿ ಕಾರ್ಬೈಡ್ ಕಣಗಳಾಗಿಬಿಡುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆ. ನನ್ನ ಚಾಕುವಿನಲ್ಲಿ ತುಕ್ಕು ಕಾಣಿಸಿಕೊಂಡದ್ದು ಅಲಗು ತಿರುಗುವ ಕೀಲಿನ ಸುತ್ತ, ಬಟ್ಟೆಯಾಗಲಿ ಬೆರಳಾಗಲಿ ತಲುಪದ ಜಾಗದಲ್ಲಿ. ಅದನ್ನು ತೆಗೆಯಲು ಚಾಕುವನ್ನೇ ಬಿಚ್ಚಬೇಕಾಯಿತು. ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದೇ ಕಾರ್ಬೈಡ್ ಕಣಗಳು ದಪ್ಪವಾಗಿರುವುದರಿಂದ ತೆಳುವಾಗಿ ಮಸೆದ ಅಂಚು ನಿಲ್ಲದೆ ಚೂರುಚೂರಾಗಿ ಉದುರುತ್ತದೆ. ಹಗ್ಗಕ್ಕೆ ಆ ಗರಗರಿ ಅಂಚು ಒಳ್ಳೆಯದೇ, ಆದರೆ ಮೆಣಸಿನ ಕಡ್ಡಿಯ ಮೇಲೆ ಅದು ಗೀರು ಬಿಡುತ್ತದೆ. ಕಾರ್ಬನ್ ಅಲಗು ಕೆಲವೇ ನಿಮಿಷಗಳಲ್ಲಿ ಪಡೆಯುವ ಹರಿತಕ್ಕೆ ಇದರೊಂದಿಗೆ ಸಂಜೆಯೆಲ್ಲ ಕೂರಬೇಕು, ಆದರೂ ವೀಳ್ಯದೆಲೆ ಹರಿಯುತ್ತದೆಯೇ ಹೊರತು ಕೊಯ್ಯಿಸಿಕೊಳ್ಳುವುದಿಲ್ಲ.

ಅಮೆರಿಕದಲ್ಲಿರುವ ಭಾವನವರು ತಂದುಕೊಟ್ಟ ಎಸ್30ವಿ ಉಕ್ಕಿನ ಚಾಕುವಿನ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ತುಕ್ಕಿನ ಭಯ ಕಡಿಮೆ, ಹರಿತ ಬಹುಕಾಲ ನಿಲ್ಲುತ್ತದೆ. ಆದರೆ ಅದರಲ್ಲಿರುವ ಶೇ. 4ರಷ್ಟು ವನೇಡಿಯಂನ ಕಾರ್ಬೈಡ್‌ಗಳು ಮಾಮೂಲಿ ಕಲ್ಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಚೆನ್ನಾಗಿ ಮಸೆಯಲು ವಜ್ರದ ಪುಡಿ ಅಂಟಿಸಿದ ಫಲಕವೇ ಬೇಕು. ಅಷ್ಟು ಬೆಲೆಯ ಚಾಕುವನ್ನು ತೋಟದ ಕೆಸರಿನಲ್ಲಿ ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಈಗ ವರ್ಷದ ಹೆಚ್ಚಿನ ಕಾಲ ಜೇಬಿನಲ್ಲಿರುವುದು ಸ್ವೀಡನ್ನಿನ 14ಸಿ28ಎನ್ ಉಕ್ಕಿನ ಚಾಕು. ಇದರಲ್ಲಿ ಇಂಗಾಲ ಶೇ. 0.62 ಮಾತ್ರ, ಕ್ರೋಮಿಯಂ ಶೇ. 14, ಜೊತೆಗೆ ಶೇ. 0.11ರಷ್ಟು ಸಾರಜನಕ. ಉಕ್ಕನ್ನು ಗಡಸಾಗಿಸುವ ಇಂಗಾಲದ ಕೆಲಸದಲ್ಲಿ ಒಂದು ಪಾಲನ್ನು ಸಾರಜನಕ ಹೊತ್ತುಕೊಳ್ಳುವುದರಿಂದ ಗಡಸುತನ ಬಿಟ್ಟುಕೊಡದೆ ತುಕ್ಕನ್ನು ತಡೆಯುವ ಶಕ್ತಿ ಉಳಿಯುತ್ತದೆ. ಕಾರ್ಬೈಡ್ ಕಣಗಳು ತೀರ ಸಣ್ಣವಾಗಿರುವುದರಿಂದ ಅಂಚು ತೆಳುವಾಗಿ ನಿಲ್ಲುತ್ತದೆ. ಹರಿತ ಡಿ2ಗಿಂತ ಬೇಗ ಹೋಗುತ್ತದೆ, ಕಸಿಯ ದಿನಗಳಲ್ಲಿ ಪ್ರತಿ ಸಂಜೆ ಕಲ್ಲಿಗೆ ಹಚ್ಚಬೇಕು. ಆ ಸಂಜೆಯ ಕೆಲಸ ನನಗೆ ಹೊರೆಯಲ್ಲ. ಮಳೆಯಲ್ಲಿ ನೆನೆದು ಬಂದ ದಿನ ಒರೆಸಿಟ್ಟರೆ ಸಾಕು, ಕೀಲಿನಲ್ಲೂ ಇದುವರೆಗೆ ತುಕ್ಕು ಕಂಡಿಲ್ಲ. ಒಪಿನೆಲ್‌ನ ಸ್ಟೇನ್‌ಲೆಸ್ ಚಾಕುವಿನಲ್ಲಿರುವ 12ಸಿ27 ಇದರ ಹತ್ತಿರದ ಬಂಧು, ಕಡಿಮೆ ಬೆಲೆಯಲ್ಲಿ ಬೇಕೆನ್ನುವವರು ಅದನ್ನು ನೋಡಬಹುದು. ಮರದ ಹಿಡಿ ಉಬ್ಬುವ ತೊಂದರೆ ಅದರಲ್ಲೂ ಇದೆ.

ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಉಕ್ಕಿನ ಹೆಸರು ಅಲಗಿನ ಮೇಲೆ ಅಚ್ಚಾಗಿರುತ್ತದೆ, ಆದರೆ ಕಾಯಿಸಿ ತಣಿಸಿ ಅದಕ್ಕೆ ಕೊಟ್ಟ ಹದ ಎಂಥದ್ದು ಎಂದು ತಿಳಿಯುವುದಿಲ್ಲ. ರಾಕ್‌ವೆಲ್ ಗಡಸುತನದ ಅಂಕಿಯನ್ನು ಕೊಡುವ ತಯಾರಕರಿಗೇ ನಾನು ಮೊದಲ ಆದ್ಯತೆ ಕೊಡುತ್ತೇನೆ. 14ಸಿ28ಎನ್‌ಗೆ ಅದು 58ರಿಂದ 60ರ ಒಳಗಿದ್ದರೆ ತೋಟದ ಕೆಲಸಕ್ಕೆ ಸರಿಹೋಗುತ್ತದೆ. ಡಿ2 ಚಾಕುವನ್ನು ಗೋದಾಮಿನ ಒಣ ಜಾಗದಲ್ಲಿ ಇಟ್ಟಿದ್ದೇನೆ. ಪ್ಲಾಸ್ಟಿಕ್ ಚೀಲ ಮತ್ತು ರಟ್ಟಿನ ಪೆಟ್ಟಿಗೆಗಳನ್ನು ದಿನವಿಡೀ ಕೊಯ್ದರೂ ಅದು ಸುಲಭಕ್ಕೆ ಮೊಂಡಾಗುವುದಿಲ್ಲ, ಅಂಥದೇ ಕೆಲಸವಿರುವ ಬಯಲುಸೀಮೆಯ ಅಂಗಡಿಯವರು ಅದನ್ನು ಧಾರಾಳವಾಗಿ ಕೊಳ್ಳಬಹುದು.